ಒಂದು ವಾರದ ಲ್ಯೂಟ್ ಉತ್ಸವ: ಹೋಗಬೇಕೇ ಬೇಡವೇ ಎಂದು ನಿರ್ಧರಿಸುವ ಬಗೆ

ಲ್ಯೂಟ್ ಎಂಬ ಯುರೋಪಿನ ಹಳೆಯ ತಂತಿವಾದ್ಯವನ್ನು ನುಡಿಸುವವರಲ್ಲಿ ಹೆಚ್ಚಿನವರು ಒಬ್ಬಂಟಿಗರು. ಪಿಯಾನೊ ಕಲಿಸುವವರು ಹುಡುಕಿದರೆ ಸಿಗುತ್ತಾರೆ, ಗಿಟಾರ್ ಕಲಿಸುವವರು ಹುಡುಕದಿದ್ದರೂ ಸಿಗುತ್ತಾರೆ. ಲ್ಯೂಟ್ ಗುರುಗಳು ಮಾತ್ರ ಎಷ್ಟೋ ದೇಶಗಳಲ್ಲಿ ಬೆರಳೆಣಿಕೆಯಷ್ಟೇ. ಹೀಗಾಗಿ ಒಂದು ವಾರದ ಉತ್ಸವದ ಪ್ರಕಟಣೆ ಕಣ್ಣಿಗೆ ಬಿದ್ದ ಕೂಡಲೇ ಮನಸ್ಸು ಅತ್ತ ಓಡುತ್ತದೆ. ಅದರ ಬೆನ್ನಿಗೇ ಖರ್ಚಿನ ಲೆಕ್ಕ, ರಜೆಯ ಚಿಂತೆ, ಅಷ್ಟು ಜನರ ಮುಂದೆ ನಾನು ಹೇಗೆ ನುಡಿಸಲಿ ಎಂಬ ಅಳುಕು ಒಂದೊಂದಾಗಿ ಬರುತ್ತವೆ. ಅರ್ಜಿಯ ಕೊನೆಯ ದಿನ ಕಳೆದು ಹೋಗುವ ತನಕ ಹೊಯ್ದಾಡಿ, ಆಮೇಲೆ ಕೊರಗುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಆ ಹೊಯ್ದಾಟವನ್ನು ನಾಲ್ಕಾರು ಸಂಜೆಗಳ ಕೆಲಸವಾಗಿ ಮಾರ್ಪಡಿಸುವುದು ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ವಾರದಲ್ಲಿ ಯಾರಿಗೂ ಲ್ಯೂಟ್ ಬರುವುದಿಲ್ಲ. ನೀವು ಒಬ್ಬರೇ ಕುಳಿತು ತಿಂಗಳುಗಟ್ಟಲೆ ಮಾಡಿದ್ದನ್ನು ತಿದ್ದುವುದು ಆ ವಾರದ ಕೆಲಸ. ತಿದ್ದಿಸಿಕೊಳ್ಳಲು ಏನಾದರೂ ಇರಬೇಕು, ತಿದ್ದಿದ್ದು ಕೈಯಲ್ಲಿ ಕೂರಲು ಆಮೇಲೆ ಸಮಯವೂ ಇರಬೇಕು. ಮುಂದಿನ ಹಂತಗಳೆಲ್ಲ ಈ ಎರಡನ್ನು ಪರೀಕ್ಷಿಸುವ ದಾರಿಗಳು.

ಹಂತ 1: ಆ ವಾರ ಏನೇನು ನಡೆಯುತ್ತದೆ ಎಂದು ತಿಳಿಯಿರಿ

ಉತ್ಸವ ಎಂದರೆ ಸಾಲು ಸಾಲು ಕಛೇರಿಗಳು, ಕುಳಿತು ಕೇಳುವ ಶ್ರೋತೃಗಳು ಎಂದು ಅನೇಕರು ತಿಳಿದಿರುತ್ತಾರೆ. ಲ್ಯೂಟ್ ಉತ್ಸವ ಹೆಚ್ಚಾಗಿ ಶಿಬಿರದ ರೀತಿಯದು. ಬಂದವರಲ್ಲಿ ಬಹುಪಾಲು ಮಂದಿ ವಾದ್ಯ ತಂದಿರುತ್ತಾರೆ. ಬೆಳಗ್ಗೆ ಮಟ್ಟಕ್ಕೆ ತಕ್ಕ ಗುಂಪು ತರಗತಿಗಳು ಮತ್ತು ಎಲ್ಲರೆದುರು ಒಬ್ಬೊಬ್ಬರನ್ನು ತಿದ್ದುವ ಮಾಸ್ಟರ್‌ಕ್ಲಾಸ್, ಮಧ್ಯಾಹ್ನ ಕಂಟಿನ್ಯೂವೊ (ಮಂದ್ರ ಸ್ವರಗಳ ಸಾಲಿನ ಮೇಲೆ ಸ್ವರಗುಚ್ಛ ಕಟ್ಟಿ ಜೊತೆಗೆ ನುಡಿಸುವುದು), ಲ್ಯೂಟ್ ಗೀತೆ, ಸಮೂಹವಾದನ, ಹಳೆಯ ಹಸ್ತಪ್ರತಿಗಳ ಓದು, ಸಂಜೆ ಕಲಾವಿದರ ಕಛೇರಿ. ನಡುವೆ ಎಲ್ಲೋ ಒಂದು ದಿನ ವಾದ್ಯ ತಯಾರಕರ ಪ್ರದರ್ಶನ, ಕೊನೆಗೆ ಶಿಬಿರಾರ್ಥಿಗಳೇ ನುಡಿಸುವ ಒಂದು ಸಂಜೆ. ವಿವರಗಳು ಬದಲಾದರೂ ಚೌಕಟ್ಟು ಸಾಮಾನ್ಯವಾಗಿ ಇದೇ.

ಇಂಥ ಕೂಟಗಳು ಹುಟ್ಟಿದ್ದೇ ಒಬ್ಬಂಟಿತನದ ಕಾರಣದಿಂದ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ಲ್ಯೂಟ್ ಬಹುತೇಕ ಮೂಲೆ ಸೇರಿತ್ತು. ಗುರುವಿನಿಂದ ಶಿಷ್ಯನಿಗೆ ದಾಟುವ ಪರಂಪರೆಯೇ ಕಡಿದುಹೋದ ವಾದ್ಯವನ್ನು ಪುಸ್ತಕ, ಹಸ್ತಪ್ರತಿ, ಚಿತ್ರಗಳ ಆಧಾರದಿಂದ ಮತ್ತೆ ಎತ್ತಿ ನಿಲ್ಲಿಸಬೇಕಾಯಿತು. 1956ರಲ್ಲಿ ಡಯಾನಾ ಪೌಲ್ಟನ್ ಮತ್ತು ಇಯಾನ್ ಹಾರ್ವುಡ್ ಇಂಗ್ಲೆಂಡಿನಲ್ಲಿ ಲ್ಯೂಟ್ ಸೊಸೈಟಿ ಕಟ್ಟಿದರು. 1966ರಲ್ಲಿ ಲ್ಯೂಟ್ ಸೊಸೈಟಿ ಆಫ್ ಅಮೆರಿಕ ಹುಟ್ಟಿತು. ಅದರ ಬೇಸಿಗೆಯ ಉತ್ಸವ ಓಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಆವರಣದಲ್ಲಿ ಹಲವು ಬಾರಿ ನಡೆದಿದೆ. ಚದುರಿದವರು ಒಂದೆಡೆ ಸೇರಿ ಒಬ್ಬರ ಕೈಯನ್ನು ಇನ್ನೊಬ್ಬರು ನೋಡುವುದು ಈ ವಾದ್ಯದ ಮರುಹುಟ್ಟಿನ ಒಂದು ಭಾಗವೇ ಆಗಿದೆ.

ಮನೆಯಲ್ಲಿ ಕುಳಿತು ಸಿಗದ ಮೂರು ಸಂಗತಿಗಳು ಅಲ್ಲಿ ಸಿಗುತ್ತವೆ. ನಿಮ್ಮ ಕೈಯನ್ನು ಮಾರು ದೂರದಿಂದ ನೋಡುವ ಅನುಭವಿ ಕಣ್ಣು ಒಂದು. ಜೊತೆಗೆ ನುಡಿಸುವವರು, ಹಾಡುವವರು ಎರಡನೆಯದು. ಮೂರನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಧ್ವನಿಮುದ್ರಿಕೆಯ ನೆರವಿಲ್ಲದ ಲ್ಯೂಟಿನ ನಿಜವಾದ ದನಿ. ಮೈಕನ್ನು ಹತ್ತಿರ ಇಟ್ಟು ಹಿಡಿದ ದನಿಗೆ ನಮ್ಮ ಕಿವಿ ಒಗ್ಗಿರುತ್ತದೆ. ಸಭಾಂಗಣದಲ್ಲಿ ಮೊದಲ ಸ್ವರ ಬಂದಾಗ ಇಷ್ಟು ಮೆಲ್ಲಗೆಯೇ ಎಂದು ದಿಗಿಲಾಗುತ್ತದೆ. ನಾಲ್ಕೈದು ನಿಮಿಷ ಕಳೆಯುವಷ್ಟರಲ್ಲಿ ಕಿವಿ ತಾನೇ ಬಾಗಿಲು ತೆರೆಯುತ್ತದೆ. ಬೆರಳ ತುದಿ ತಂತಿಯನ್ನು ಬಿಡುವ ಕ್ಷಣವೂ ಕೇಳಿಸತೊಡಗುತ್ತದೆ. ಆ ಬದಲಾವಣೆ ನನ್ನಲ್ಲಿ ಆದ ಸಂಜೆಯಿಂದ ನಾನು ನುಡಿಸುವ ಬಲವೇ ಬೇರೆಯಾಯಿತು.

ಹಂತ 2: ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. "ಈ ವಾರ ಮುಗಿದ ಮೇಲೆ ನನಗೆ ಗೊತ್ತಿರಬೇಕಾದ್ದು…" ಎಂದು ಆರಂಭಿಸಿ ಒಂದು ವಾಕ್ಯ ಪೂರ್ತಿಗೊಳಿಸಿ. "ಇನ್ನೂ ಚೆನ್ನಾಗಿ ನುಡಿಸಬೇಕು" ಎಂಬುದು ಇಲ್ಲಿ ಉತ್ತರವಲ್ಲ; ಅದನ್ನು ಓದಿದ ಗುರುವಿಗೆ ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯದು. "ವೇಗದ ಸ್ವರಸಾಲುಗಳಲ್ಲಿ ನನ್ನ ಬಲಗೈ ಏಕೆ ಬಿಗಿಯುತ್ತದೆ?" "ಫ್ರಾಂಚೆಸ್ಕೊ ದ ಮಿಲಾನೊನ ಫ್ಯಾಂಟಸಿಯಾ ಎಂಬ ಬಗೆಯ ಕೃತಿಯಲ್ಲಿ ಮೂರು ಧ್ವನಿಗಳನ್ನು ಬೇರೆ ಬೇರೆಯಾಗಿ ಕೇಳಿಸುವುದು ಹೇಗೆ?" "ಗಾಯಕರೊಂದಿಗೆ ನುಡಿಸುವಾಗ ಉಸಿರನ್ನು ಹಿಂಬಾಲಿಸುವುದು ಹೇಗೆ?" ಇವು ಪ್ರಶ್ನೆಗಳು. ಇಂಥದೊಂದು ಸುಲಭವಾಗಿ ಬರೆಯಲು ಬಂದರೆ ಅರ್ಧ ನಿರ್ಧಾರ ಮುಗಿದಂತೆ.

ನನ್ನ ಮೊದಲ ಉತ್ಸವಕ್ಕೆ ನಾನು ಒಯ್ದ ಪ್ರಶ್ನೆ ನಾದದ್ದು. ಎರಡು ವರ್ಷ ನನ್ನ ಮೇಲಿನ ತಂತಿಗಳ ದನಿ ತೆಳುವಾಗಿಯೇ ಇತ್ತು. ತಂತಿಯದೇ ದೋಷವೆಂದು ಎರಡು ಸಲ ಪೂರ್ತಿ ಸೆಟ್ ಬದಲಿಸಿದ್ದೆ. ಎರಡನೆಯ ದಿನ ಬೆಳಗ್ಗೆ ಗುರುಗಳು ನಾಲ್ಕು ತಾಳಾವರ್ತ ಕೇಳಿದರು, ಎದ್ದು ಬಂದು ನನ್ನ ಬಲ ಮಣಿಕಟ್ಟಿನ ಕೆಳಗೆ ತಮ್ಮ ತೋರುಬೆರಳನ್ನು ಇಟ್ಟು ಸ್ವಲ್ಪ ಎತ್ತಿದರು. ಮುಂದೋಳು ತಂತಿಗಳಿಗೆ ಹೆಚ್ಚುಕಡಿಮೆ ಸಮಾನಾಂತರವಾಯಿತು, ಕಿರುಬೆರಳು ನಾದಫಲಕದ, ಅಂದರೆ ವಾದ್ಯದ ಮುಂಬದಿಯ ಹಲಗೆಯ ಮೇಲೆ ಹಗುರವಾಗಿ ನಿಂತಿತು, ಹೆಬ್ಬೆರಳು ತೋರುಬೆರಳ ಒಳಗಡೆಗೆ ಸರಿಯಿತು. ಬೆರಳಿನ ಮಾಂಸಲ ಭಾಗ ಜೋಡಿ ತಂತಿಗಳೆರಡನ್ನೂ ಒಟ್ಟಿಗೆ ತಾಗಿತು. ಅಲ್ಲಿಯವರೆಗೆ ನಾನು ಜೋಡಿಯಲ್ಲಿ ಒಂದನ್ನಷ್ಟೇ ಮೀಟುತ್ತಿದ್ದೆ, ಇನ್ನೊಂದು ಸುಮ್ಮನೆ ಇತ್ತು. ಕ್ಯಾಮೆರಾದ ಮುಂದೆ ಕುಳಿತು ನಡೆಸಿದ ಆನ್‌ಲೈನ್ ಪಾಠಗಳಲ್ಲಿ ಇದು ಯಾರಿಗೂ ಕಂಡಿರಲಿಲ್ಲ. ಆ ಕೋನದಿಂದ ಕಾಣುವಂಥದ್ದೂ ಅಲ್ಲ.

ಆದ್ದರಿಂದ ಬರೆದ ಪ್ರಶ್ನೆಯನ್ನು ಮತ್ತೊಮ್ಮೆ ನೋಡಿ. ಅದಕ್ಕೆ ಉತ್ತರ ಪುಸ್ತಕದಲ್ಲೋ ವಿಡಿಯೊದಲ್ಲೋ ಸಿಗುವುದಾದರೆ ಉತ್ಸವ ಈ ವರ್ಷವೇ ಬೇಕಿಲ್ಲ. ಪಕ್ಕದಲ್ಲಿ ಒಬ್ಬರು ಕುಳಿತಿರಲೇಬೇಕು ಎಂದಾದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 3: ನಿಮ್ಮ ವಾದ್ಯವೂ ಆ ಉತ್ಸವದ ಗಮನವೂ ಹೊಂದುತ್ತವೆಯೇ?

ಲ್ಯೂಟ್ ಎಂಬುದು ಒಂದು ವಾದ್ಯದ ಹೆಸರಲ್ಲ, ಒಂದು ಕುಟುಂಬದ ಹೆಸರು. ಇಲ್ಲಿ ತಪ್ಪಿದರೆ ಇಡೀ ವಾರ ವ್ಯರ್ಥವಾಗುವ ಸಂಭವವಿದೆ, ಹಾಗಾಗಿ ತುಸು ನಿಧಾನವಾಗಿ ನೋಡೋಣ.

ರೆನೆಸಾನ್ಸ್ (ಮುಖ್ಯವಾಗಿ ಹದಿನಾರನೆಯ ಶತಮಾನದ) ಲ್ಯೂಟಿಗೆ ಮೂಲದಲ್ಲಿ ಆರು ಕೋರ್ಸ್‌ಗಳು. ಕೋರ್ಸ್ ಎಂದರೆ ಒಂದೇ ಎಂದು ಎಣಿಸುವ ತಂತಿ ಜೋಡಿ. ಮೇಲಿನದು, ಅಂದರೆ ಎಲ್ಲಕ್ಕಿಂತ ತಾರದ್ದು, ಹೆಚ್ಚಾಗಿ ಒಂಟಿ ತಂತಿ. 1600ರ ಆಸುಪಾಸಿಗೆ ಏಳು, ಎಂಟು, ಹತ್ತು ಕೋರ್ಸ್‌ಗಳವರೆಗೆ ಇದು ಬೆಳೆಯಿತು. ಪಕ್ಕಪಕ್ಕದ ಕೋರ್ಸ್‌ಗಳ ಶ್ರುತಿಯ ಅಂತರ, ಎರಡು ತುದಿಗಳನ್ನೂ ಸೇರಿಸಿ ಎಣಿಸಿದರೆ, ಕ್ರಮವಾಗಿ ನಾಲ್ಕು, ನಾಲ್ಕು, ಮೂರು, ನಾಲ್ಕು, ನಾಲ್ಕು ಸ್ವರ. ಇಂಗ್ಲೆಂಡಿನ ಸಂಗೀತಗಾರ ಜಾನ್ ಡೌಲೆಂಡ್ (1563–1626) ನುಡಿಸಿದ್ದು ಈ ಬಗೆಯನ್ನು. ಬರೋಕ್ (ಹದಿನೇಳು, ಹದಿನೆಂಟನೆಯ ಶತಮಾನದ) ಲ್ಯೂಟ್ ಬೇರೆಯೇ ಲೋಕ: ಹನ್ನೊಂದು ಅಥವಾ ಹದಿಮೂರು ಕೋರ್ಸ್‌ಗಳು, ಮೇಲಿನ ಆರು ಕೋರ್ಸ್‌ಗಳನ್ನು ಬಿಟ್ಟ ಕೈಯಲ್ಲಿ ಮೀಟಿದರೆ ಡಿ ಮೈನರ್ ಸ್ವರಗುಚ್ಛವೇ ಕೇಳುತ್ತದೆ. ಜರ್ಮನ್ ಲ್ಯೂಟ್ ವಾದಕ ಸಿಲ್ವಿಯಸ್ ಲಿಯೋಪೋಲ್ಡ್ ವೈಸ್ (1687–1750) ಬರೆದದ್ದು ಇದಕ್ಕೆ. ಇನ್ನು ಥಿಯೋರ್ಬೊ: ಉದ್ದನೆಯ ಎರಡನೇ ಕುತ್ತಿಗೆ, ಅದರ ಮೇಲೆ ಬೆರಳೊತ್ತದೆ ಬಿಟ್ಟು ಮೀಟುವ ಮಂದ್ರ ತಂತಿಗಳು, ಮೇಲಿನ ಎರಡು ಕೋರ್ಸ್‌ಗಳನ್ನು ಒಂದು ಸಪ್ತಕ ಕೆಳಗೆ ಶ್ರುತಿ ಮಾಡುವುದರಿಂದ ಮೂರನೆಯ ತಂತಿಯೇ ಎಲ್ಲಕ್ಕಿಂತ ತಾರದಲ್ಲಿರುತ್ತದೆ. ಹಾಡಿಗೂ ಸಮೂಹಕ್ಕೂ ಆಧಾರ ಕೊಡಲೆಂದೇ ಬಂದ ವಾದ್ಯ ಅದು.

ಉತ್ಸವದ ಬೋಧಕರ ಪಟ್ಟಿ ತೆಗೆದು, ಪ್ರತಿ ಹೆಸರಿನ ಮುಂದೆ ಅವರು ಹೆಚ್ಚಾಗಿ ನುಡಿಸುವ ವಾದ್ಯವನ್ನು ಬರೆಯಿರಿ. ನಿಮ್ಮದು ಆರು ಕೋರ್ಸಿನ ಲ್ಯೂಟ್ ಆಗಿದ್ದು ಅಲ್ಲಿ ಮುಕ್ಕಾಲು ಪಾಲು ತರಗತಿಗಳು ಕಂಟಿನ್ಯೂವೊ, ಥಿಯೋರ್ಬೊ ಸುತ್ತ ಇದ್ದರೆ ಆ ವರ್ಷ ಬಿಡುವುದು ಲೇಸು. ನಿಮ್ಮ ವಾದ್ಯವನ್ನು ಚೆನ್ನಾಗಿ ಬಲ್ಲ ಬೋಧಕರು ಕನಿಷ್ಠ ಇಬ್ಬರಾದರೂ ಇರಲಿ ಎಂಬುದು ನನ್ನ ಅಳತೆ. ಇಬ್ಬರೇಕೆಂದರೆ, ಒಬ್ಬರ ರೀತಿ ನಿಮಗೆ ಹೊಂದದಿದ್ದರೂ ಇನ್ನೊಬ್ಬರಿರುತ್ತಾರೆ.

ವಾದ್ಯವೇ ಇಲ್ಲದವರು ಕೈಚೆಲ್ಲಬೇಕಾಗಿಲ್ಲ. ಲ್ಯೂಟ್ ಸೊಸೈಟಿಗಳು ಸದಸ್ಯರಿಗೆ ವಾದ್ಯ ಬಾಡಿಗೆಗೆ ಕೊಡುವ ವ್ಯವಸ್ಥೆ ಇಟ್ಟುಕೊಂಡಿವೆ. ಉತ್ಸವಕ್ಕೆ ಆರೇಳು ತಿಂಗಳ ಮೊದಲೇ ಕೇಳಿ. ಗಿಟಾರ್ ಕೈಯಲ್ಲಿದ್ದರೆ ಮೂರನೆಯ ತಂತಿಯನ್ನು ಅರ್ಧ ಸ್ವರ ಇಳಿಸಿ ಎಫ್ ಶಾರ್ಪ್‌ಗೆ ತನ್ನಿ, ಕುತ್ತಿಗೆಯ ಮೂರನೆಯ ಮೆಟ್ಟಿಲಿನಲ್ಲಿ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಪಟ್ಟಿ) ಹಾಕಿ. ಆರು ಕೋರ್ಸಿನ ಲ್ಯೂಟಿನ ಶ್ರುತಿಯೇ ಬಂತು. ಲ್ಯೂಟ್ ಟ್ಯಾಬ್ಲೇಚರನ್ನು, ಅಂದರೆ ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಗೆರೆಗಳ ಮೇಲೆ ತೋರಿಸುವ ಬರಹವನ್ನು, ಹಾಗೆಯೇ ಓದಿ ನುಡಿಸಬಹುದು. ಆದರೆ ಗಿಟಾರ್ ಹಿಡಿದುಕೊಂಡೇ ಇಡೀ ವಾರ ಕುಳಿತುಕೊಳ್ಳಲು ಬಿಡುತ್ತಾರೆಯೇ ಎಂದು ಸಂಘಟಕರನ್ನು ಕೇಳಿಯೇ ಹೋಗಬೇಕು. ಗಿಟಾರ್ ವಾದಕರಿಗೆ ಇನ್ನೊಂದು ಮಾತು: ಲ್ಯೂಟನ್ನು ಹೆಚ್ಚಿನವರು ಉಗುರಿಲ್ಲದೆ ನುಡಿಸುತ್ತಾರೆ. ಬಲಗೈಯ ಉಗುರು ಕತ್ತರಿಸಲು ಮನಸ್ಸು ಒಪ್ಪುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮುನ್ನವೇ ಇತ್ಯರ್ಥ ಮಾಡಿಕೊಳ್ಳಿ.

ಶ್ರುತಿಮಟ್ಟವನ್ನೂ ವಿಚಾರಿಸಿ. ಸಮೂಹವಾದನ 440 ಹರ್ಟ್ಸ್‌ನಲ್ಲೋ ಅರ್ಧ ಸ್ವರ ಕೆಳಗಿನ 415ರಲ್ಲೋ? ನಿಮ್ಮ ತಂತಿಗಳನ್ನು ಒಂದು ಮಟ್ಟಕ್ಕೆಂದು ಆರಿಸಿದ್ದರೆ ಇನ್ನೊಂದಕ್ಕೆ ಏರಿಸಿದಾಗ ಮೇಲಿನ ತಂತಿ ಹರಿಯಬಹುದು, ಇಳಿಸಿದಾಗ ಮಂದ್ರ ತಂತಿಗಳು ಜೋತಾಡಬಹುದು.

ಹಂತ 4: ನಿಮ್ಮ ಮಟ್ಟವನ್ನು ಒಂದು ಸಂಜೆಯಲ್ಲಿ ಅಳೆಯಿರಿ

ಹೊಸಬರಿಗೂ ತರಗತಿ ಇರುವ ಉತ್ಸವಗಳಿವೆ. ಆದ್ದರಿಂದ "ನಾನು ಸಾಲುತ್ತೇನೆಯೇ" ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡಿ. "ಅಲ್ಲಿ ಹೇಳಿದ್ದನ್ನು ಹಿಡಿದುಕೊಳ್ಳುವ ಸ್ಥಿತಿಯಲ್ಲಿ ಇದ್ದೇನೆಯೇ" ಎಂದು ಕೇಳಿಕೊಳ್ಳಿ. ಅದನ್ನು ತಿಳಿಯಲು ಮೂರು ಕೆಲಸ ಸಾಕು.

ಮೊದಲನೆಯದು, ಹಿಂದೆಂದೂ ನೋಡದ ಒಂದು ಪುಟದ ಟ್ಯಾಬ್ಲೇಚರ್ ತೆಗೆದು, ನಿಧಾನವಾಗಿಯಾದರೂ ನಿಲ್ಲದೆ ಕೊನೆಯವರೆಗೆ ಹೋಗಿ. ಫ್ರೆಂಚ್ ಪದ್ಧತಿಯಲ್ಲಿ ಅಕ್ಷರಗಳು. ಮೇಲಿನ ಗೆರೆಯೇ ಮೇಲಿನ ಕೋರ್ಸ್. ಇಟಾಲಿಯನ್ ಪದ್ಧತಿಯಲ್ಲಿ ಅಂಕಿಗಳು. ಅಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳಗಿನ ಗೆರೆಯೇ ತಾರದ ಕೋರ್ಸ್. ವೆನಿಸ್‌ನಲ್ಲಿ ಮುದ್ರಕ ಪೆಟ್ರುಚ್ಚಿ 1507ರಲ್ಲಿ ಅಚ್ಚು ಹಾಕಿದ, ಲ್ಯೂಟ್ ವಾದಕ ಸ್ಪಿನಾಚಿನೊನ ಪುಸ್ತಕದಿಂದ ಹಿಡಿದು ಇಟಲಿಯ ಲ್ಯೂಟ್ ಸಾಹಿತ್ಯದ ಬಹುಭಾಗ ಹೀಗೇ ಇದೆ. ಎರಡರಲ್ಲಿ ಒಂದಾದರೂ ಸಲೀಸಾಗಿರಲಿ. ಗುಂಪು ತರಗತಿಯಲ್ಲಿ ಹಾಳೆ ಕೈಗೆ ಬಂದ ಐದು ನಿಮಿಷಕ್ಕೆ ಎಲ್ಲರೂ ನುಡಿಸಲು ಆರಂಭಿಸುತ್ತಾರೆ. ಆಗ ಗೆರೆ ಎಣಿಸುತ್ತ ಕುಳಿತವರಿಗೆ ಸಂಗೀತ ಕೇಳಿಸುವುದೇ ಇಲ್ಲ.

ಎರಡನೆಯದು, ನಿಮಗೆ ಚೆನ್ನಾಗಿ ಬರುವ ಒಂದು ಚಿಕ್ಕ ಕೃತಿಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಎರಡು ದಿನ ಬಿಟ್ಟು, ಕೈಯಲ್ಲಿ ವಾದ್ಯವಿಲ್ಲದೆ ಕೇಳಿ. ಎಲ್ಲಿ ಏನು ತಪ್ಪಿದೆ ಎಂದು ನೀವೇ ಗುರುತಿಸಬಲ್ಲಿರಾದರೆ ನಿಮ್ಮ ಕಿವಿ ಕೈಗಿಂತ ಮುಂದಿದೆ ಎಂದಾಯಿತು. ಉತ್ಸವದಿಂದ ಅತಿ ಹೆಚ್ಚು ಪಡೆಯುವವರು ಇಂಥವರೇ.

ಮೂರನೆಯದು ಶ್ರುತಿ. ಲ್ಯೂಟ್ ವಾದಕ ಎಂಬತ್ತು ವರ್ಷ ಬದುಕಿದರೆ ಅದರಲ್ಲಿ ಅರವತ್ತು ವರ್ಷ ಶ್ರುತಿ ಮಾಡುವುದರಲ್ಲೇ ಕಳೆದಿರುತ್ತಾನೆ ಎಂಬ ಅರ್ಥದ ಮಾತನ್ನು ಜರ್ಮನ್ ಸಂಗೀತ ಲೇಖಕ ಯೋಹಾನ್ ಮ್ಯಾಥೆಸನ್ 1713ರಲ್ಲಿ ಬರೆದ. ಅದು ಕುಹಕದ ಮಾತಾದರೂ ಒಳಗಿನ ಕಷ್ಟ ನಿಜ. ಎಂಟು ಕೋರ್ಸಿನ ಲ್ಯೂಟಿನಲ್ಲಿ ಹದಿನೈದು ತಂತಿಗಳು. ಸುತ್ತ ಇನ್ನೂ ಹತ್ತು ಜನ ತಮ್ಮ ತಮ್ಮ ತಂತಿ ತಿರುಪುತ್ತಿರುವಾಗ ಅವನ್ನು ಹತ್ತು ನಿಮಿಷದೊಳಗೆ ಸೇರಿಸಬೇಕು. ತಂತಿ ತಿರುಪುವ ಬಿರಡೆಗೆ ಸಿಕ್ಕಿಸುವ ಎಲೆಕ್ಟ್ರಾನಿಕ್ ಶ್ರುತಿಮಾಪಕ ಒಂದಿರಲಿ. ಆದರೆ ಜೋಡಿ ತಂತಿಗಳನ್ನು ಒಂದಕ್ಕೊಂದು ಸೇರಿಸುವ ಕೆಲಸ ಕಿವಿಯದ್ದು. ರೇಡಿಯೊ ಹಾಕಿಕೊಂಡು ಮನೆಯಲ್ಲಿ ಪ್ರಯತ್ನಿಸಿ ನೋಡಿ.

ಈ ಮೂರರಲ್ಲಿ ಎರಡು ಕೂಡಿ ಬಂದರೆ ಹೋಗಬಹುದು. ಮೂರೂ ಕಷ್ಟವೆನಿಸಿದರೆ ಇನ್ನೊಂದು ವರ್ಷ ಮನೆಯಲ್ಲೇ ಅಭ್ಯಾಸ ಮಾಡಿ. ಅಥವಾ ಸಂಪೂರ್ಣ ಹೊಸಬರಿಗೆಂದೇ ತರಗತಿ ಇಟ್ಟಿರುವ ಉತ್ಸವ ಹುಡುಕಿ.

ಹಂತ 5: ಸಂಘಟಕರಿಗೆ ಪತ್ರ ಬರೆಯಿರಿ

ಪ್ರಕಟಣೆಯಲ್ಲಿ ದೊಡ್ಡ ಅಕ್ಷರದಲ್ಲಿರುವುದು ಸಂಜೆಯ ಕಲಾವಿದರ ಹೆಸರು. ನಿಮಗೆ ಬೇಕಾದ ಮಾಹಿತಿ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಕೇಳಬೇಕಾದ್ದು ಇಷ್ಟು: ಒಂದು ಗುಂಪು ತರಗತಿಯಲ್ಲಿ ಎಷ್ಟು ಜನ? ಪ್ರತಿಯೊಬ್ಬರಿಗೂ ಒಂಟಿ ಪಾಠ ಸಿಗುತ್ತದೆಯೇ, ಸಿಕ್ಕರೆ ಎಷ್ಟು ನಿಮಿಷ, ಶುಲ್ಕದಲ್ಲೇ ಸೇರಿದೆಯೇ? ಮಾಸ್ಟರ್‌ಕ್ಲಾಸ್‌ನಲ್ಲಿ ನುಡಿಸುವವರನ್ನು ಹೇಗೆ ಆರಿಸುತ್ತಾರೆ? ಅಭ್ಯಾಸಕ್ಕೆ ಕೊಠಡಿ ಸಿಗುತ್ತದೆಯೇ? ಗಾಯಕರು ಬರುತ್ತಾರೆಯೇ?

ಗುಂಪಿನ ಗಾತ್ರವೇ ಇವುಗಳಲ್ಲಿ ಮುಖ್ಯ. ಐದಾರು ಜನರ ತರಗತಿಯಲ್ಲಿ ಗುರುಗಳ ಕಣ್ಣು ದಿನಕ್ಕೊಮ್ಮೆಯಾದರೂ ನಿಮ್ಮ ಕೈಯ ಮೇಲೆ ಬೀಳುತ್ತದೆ. ಇಪ್ಪತ್ತು ಜನರಿದ್ದರೆ ಅದು ಉಪನ್ಯಾಸವಾಗುತ್ತದೆ. ಉಪನ್ಯಾಸ ಕೆಟ್ಟದ್ದೇನಲ್ಲ, ಆದರೆ ಅದಕ್ಕಾಗಿ ಅಷ್ಟು ದೂರ ವಾದ್ಯ ಹೊತ್ತೊಯ್ಯಬೇಕೇ ಎಂದು ಯೋಚಿಸಿ. ಉತ್ತರ ಬರುವ ರೀತಿಯೂ ಒಂದು ಸುಳಿವು: ನಿಮ್ಮ ವಾದ್ಯ ಯಾವುದು, ಈಗ ಏನು ನುಡಿಸುತ್ತಿದ್ದೀರಿ ಎಂದು ಮರುಪ್ರಶ್ನೆ ಕೇಳಿ ಬರೆದವರ ಉತ್ಸವ ಒಳ್ಳೆಯದೇ ಇರುತ್ತದೆ ಎಂಬುದು ನನ್ನ ಅನುಭವ.

ಮಾಸ್ಟರ್‌ಕ್ಲಾಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ನುಡಿಸುವ ಅವಕಾಶ ಸಿಗದಿದ್ದರೆ ಬೇಸರ ಬೇಡ. ಬೇರೊಬ್ಬರ ಕೈ ತಿದ್ದುವಾಗ ನಮ್ಮ ಮನಸ್ಸಿಗೆ ಗಾಬರಿ ಇರುವುದಿಲ್ಲ, ಆದ್ದರಿಂದ ಕಣ್ಣಿಗೆ ಹೆಚ್ಚು ಕಾಣುತ್ತದೆ. ಒಂದು ಪುಸ್ತಕ ಹಿಡಿದು ಮುಂದಿನ ಸಾಲಿನಲ್ಲಿ, ವಾದಕರ ಬಲಗೈ ಕಾಣುವ ಬದಿಯಲ್ಲಿ ಕೂರಿ.

ಹಂತ 6: ಕೈ ಎಷ್ಟು ತಡೆದೀತು?

ಮನೆಯಲ್ಲಿ ದಿನಕ್ಕೆ ಒಂದು ಗಂಟೆ ನುಡಿಸುವವರು ಅಲ್ಲಿ ಏಕಾಏಕಿ ಐದಾರು ಗಂಟೆ ನುಡಿಸತೊಡಗುತ್ತಾರೆ. ಅದರ ಮೇಲೆ ಕೈಯ ಹಿಡಿತವನ್ನೇ ಬದಲಿಸಲು ಹೇಳಿರುತ್ತಾರೆ. ಮೂರನೆಯ ದಿನಕ್ಕೆ ಮಣಿಕಟ್ಟು ನೋಯಲು ಇಷ್ಟು ಸಾಕು. ಈಗಾಗಲೇ ಕೈಯಲ್ಲಿ ನೋವೋ ಜೋಮೋ ಇದ್ದರೆ ಮೊದಲು ವೈದ್ಯರ ಬಳಿ ಹೋಗಿ. ಉತ್ಸವ ಮುಂದಿನ ವರ್ಷವೂ ಬರುತ್ತದೆ. ನೋವಿಲ್ಲದವರು ಅರ್ಜಿ ಹಾಕುವ ಮುನ್ನ ಒಂದು ವಾರಾಂತ್ಯ ಪ್ರಯೋಗ ಮಾಡಿ ನೋಡಬಹುದು: ಎರಡು ದಿನ, ದಿನಕ್ಕೆ ಮೂರು ಗಂಟೆ, ಇಪ್ಪತ್ತೈದು ನಿಮಿಷಕ್ಕೊಮ್ಮೆ ವಿರಾಮ. ಸೋಮವಾರ ಬೆಳಗ್ಗೆ ಕೈ ಹೇಗಿದೆ ಎಂಬುದು ನಿಮಗೆ ಎಷ್ಟು ತರಗತಿಗಳಿಗೆ ಹೆಸರು ಕೊಡಬೇಕೆಂದು ಹೇಳುತ್ತದೆ.

ಹಂತ 7: ಹಣ, ರಜೆ

ಶುಲ್ಕ, ವಸತಿ, ಊಟ, ಪ್ರಯಾಣ, ವಾದ್ಯದ ವಿಮೆ, ತಂತಿ, ವೀಸಾ ಬೇಕಿದ್ದರೆ ಅದರ ಖರ್ಚು, ಕಳೆದುಕೊಳ್ಳುವ ಸಂಬಳ: ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಕೂಡಿಸಿ. ಆ ಮೊತ್ತದಲ್ಲಿ ಒಳ್ಳೆಯ ಗುರುವಿನ ಬಳಿ ಎಷ್ಟು ಪಾಠ ಸಿಗುತ್ತವೆ ಎಂದು ಭಾಗಿಸಿ ನೋಡಿ. ಸಂಖ್ಯೆ ದೊಡ್ಡದಾಗಿಯೇ ಬರುತ್ತದೆ. ನಿಮ್ಮ ಪ್ರಶ್ನೆ ಕೈಗೆ ಸಂಬಂಧಿಸಿದ್ದಾದರೆ, ಗುರುವಿನ ಊರಿಗೇ ಹೋಗಿ ಎರಡು ದಿನ ಪಾಠ ಹೇಳಿಸಿಕೊಳ್ಳುವುದು ಅಗ್ಗವೂ ಆದೀತು, ಲಾಭವೂ ಆದೀತು. ಪ್ರಶ್ನೆ ಸಮೂಹವಾದನದ್ದಾದರೆ ಉತ್ಸವಕ್ಕೆ ಸಾಟಿ ಇಲ್ಲ. ವಿದ್ಯಾರ್ಥಿವೇತನವೋ ಕೆಲಸದ ಬದಲಿಗೆ ಶುಲ್ಕದಲ್ಲಿ ರಿಯಾಯಿತಿಯೋ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಸಾಲ ಮಾಡಿ ಹೋಗುವುದಕ್ಕೆ ಮಾತ್ರ ನನ್ನ ಸಮ್ಮತಿ ಇಲ್ಲ.

ಹಂತ 8: ವಾದ್ಯದ ಪ್ರಯಾಣ

ಲ್ಯೂಟಿನ ನಾದಫಲಕ ಎರಡು ಮಿಲಿಮೀಟರಿಗೂ ತೆಳು. ಹಿಂಬದಿಯ ಬಟ್ಟಲು ಸಣ್ಣ ಸಣ್ಣ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು. ಗಾಳಿ ಒಣಗಿದರೆ ಬಿರುಕು, ತೇವವಾದರೆ ಉಬ್ಬು. ಸಾಪೇಕ್ಷ ಆರ್ದ್ರತೆ ಶೇಕಡಾ 45ರಿಂದ 55ರ ನಡುವೆ ಇದ್ದರೆ ನಿಶ್ಚಿಂತೆ. ಪೆಟ್ಟಿಗೆಯೊಳಗೆ ಚಿಕ್ಕ ಆರ್ದ್ರತಾ ಮಾಪಕವೊಂದನ್ನು ಇಡಿ. ಈ ಚಿಂತೆ ಹೊಸದಲ್ಲ. ಥಾಮಸ್ ಮೇಸ್ ಎಂಬ ಇಂಗ್ಲಿಷ್ ಲ್ಯೂಟ್ ವಾದಕ 1676ರಲ್ಲಿ ಬರೆದ ಗ್ರಂಥದಲ್ಲಿ, ದಿನವೂ ಮಲಗುವ ಹಾಸಿಗೆಯ ಹೊದಿಕೆಗಳ ನಡುವೆ ಹಗಲು ಹೊತ್ತು ಲ್ಯೂಟನ್ನು ಇಡಿ ಎಂದು ಸಲಹೆ ಕೊಟ್ಟಿದ್ದಾನೆ. ಯಾರೂ ಅದರ ಮೇಲೆ ಬೀಳದಂತೆ ನೋಡಿಕೊಳ್ಳಬೇಕೆಂದೂ ಎಚ್ಚರಿಸಿದ್ದಾನೆ.

ರೈಲು, ಕಾರುಗಳಲ್ಲಿ ಗಟ್ಟಿ ಪೆಟ್ಟಿಗೆ ಇದ್ದರೆ ಸಾಕು. ವಿಮಾನವಾದರೆ ಕ್ಯಾಬಿನ್ನಿನೊಳಗೆ ಒಯ್ಯಲು ಬಿಡುತ್ತಾರೆಯೇ ಎಂದು ಟಿಕೆಟ್ ಕೊಳ್ಳುವ ಮುನ್ನವೇ ಲಿಖಿತವಾಗಿ ಕೇಳಿ, ಆ ಉತ್ತರದ ಪ್ರತಿ ಜೊತೆಗಿರಲಿ. ದೊಡ್ಡ ಥಿಯೋರ್ಬೊ ಮನುಷ್ಯನ ಎತ್ತರಕ್ಕೆ ಸಮನಾದ ವಾದ್ಯ. ಮಡಚುವ ಕುತ್ತಿಗೆಯದ್ದಲ್ಲದಿದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಅಲ್ಲಿ ಎರವಲು ಸಿಗುವುದೇ ಎಂದು ವಿಚಾರಿಸುವುದು ಜಾಣತನ. ಹಳೆಯ ವಾದ್ಯದಲ್ಲಿ ಆನೆದಂತವೋ ಬ್ರೆಜಿಲಿಯನ್ ರೋಸ್‌ವುಡ್ಡೋ ಇದ್ದರೆ ಗಡಿ ದಾಟಲು ಅನುಮತಿಪತ್ರ ಬೇಕಾದೀತು. ಅದಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು.

ಹಂತ 9: ಉತ್ಸವದ ನಂತರದ ಎರಡು ತಿಂಗಳನ್ನು ನೋಡಿ

ಜನ ಹೆಚ್ಚು ಮರೆಯುವುದು ಈ ಹಂತವನ್ನೇ. ಕ್ಯಾಲೆಂಡರ್ ತೆರೆದು, ಉತ್ಸವ ಮುಗಿದ ಮರುದಿನದಿಂದ ಎಂಟು ವಾರ ಎಣಿಸಿ. ಪರೀಕ್ಷೆ, ಮನೆ ಬದಲಾವಣೆ, ಕಚೇರಿಯಲ್ಲಿ ವರ್ಷದ ಅತಿ ಬಿಗಿ ತಿಂಗಳು ಇವೆಲ್ಲ ಅಲ್ಲೇ ಇದ್ದರೆ ಯೋಚಿಸಬೇಕು. ಹೊಸದಾಗಿ ತಿದ್ದಿದ ಹೆಬ್ಬೆರಳು ವಾರದ ಕೊನೆಗೆ ಗುರುವಿನ ಎದುರಲ್ಲಿ ಸರಿಯಾಗಿಯೇ ನಡೆಯುತ್ತದೆ. ಮನೆಗೆ ಬಂದು ಹತ್ತು ದಿನ ವಾದ್ಯ ಮುಟ್ಟದಿದ್ದರೆ ಹಳೆಯ ಚಾಳಿಯೇ ಮರಳುತ್ತದೆ, ಅದೂ ಸದ್ದಿಲ್ಲದೆ. ನನಗೆ ಮಣಿಕಟ್ಟು ಎತ್ತಿ ತೋರಿಸಿದ ಆ ಬೆಳಗಿನ ಪಾಠ ಕೈಗೆ ಕೂರಲು, ದಿನಕ್ಕೆ ನಲವತ್ತು ನಿಮಿಷದಂತೆ, ಏಳು ವಾರ ಬೇಕಾಯಿತು. ಮೊದಲ ಮೂರು ವಾರ ಸರಳ ಸ್ವರಸಾಲು ಬಿಟ್ಟು ಬೇರೇನನ್ನೂ ನುಡಿಸಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಇಬ್ಬರು ಗುರುಗಳು ಒಂದಕ್ಕೊಂದು ವಿರುದ್ಧವಾದದ್ದನ್ನು ಹೇಳಬಹುದು, ಇಬ್ಬರೂ ಸರಿಯಾಗಿಯೇ ಇರಬಹುದು. ಹದಿನಾರನೆಯ ಶತಮಾನದ ಸಂಗೀತಕ್ಕೆ ಹೆಬ್ಬೆರಳನ್ನು ಒಳಗಿಟ್ಟು ನುಡಿಸುವ ರೀತಿ ಹೊಂದುತ್ತದೆ. ಜಾನ್ ಡೌಲೆಂಡ್‌ನ ಮಗ ರಾಬರ್ಟ್ ಡೌಲೆಂಡ್ 1610ರಲ್ಲಿ ಪ್ರಕಟಿಸಿದ ಸಂಕಲನದಲ್ಲಿರುವ, ಲ್ಯೂಟ್ ವಾದಕ ಬೆಸಾರ್ಡ್‌ನ ಪಾಠ ಹೆಬ್ಬೆರಳನ್ನು ಹೊರಕ್ಕೆ ಚಾಚಲು ಹೇಳುತ್ತದೆ. ಬರೋಕ್ ಲ್ಯೂಟಿಗೆ, ಥಿಯೋರ್ಬೊಗೆ ಅದೇ ದಾರಿ. ನಿಮಗೆ ಯಾವ ಕಾಲದ ಸಂಗೀತ ಪ್ರಿಯ ಎಂಬುದು ಗೊತ್ತಿದ್ದರೆ ಯಾರ ಮಾತನ್ನು ಮನೆಗೆ ಒಯ್ಯಬೇಕೆಂದೂ ಗೊತ್ತಾಗುತ್ತದೆ.

ಹಂತ 10: ನಿರ್ಧರಿಸಿ

ಈಗ ನಿಮ್ಮ ಮುಂದೆ ನಾಲ್ಕೈದು ಹಾಳೆಗಳಿವೆ. ಪಕ್ಕದಲ್ಲಿ ಗುರು ಇದ್ದರೆ ಮಾತ್ರ ಬಿಡಿಸಲಾಗುವ ಪ್ರಶ್ನೆ ಇದೆ, ನಿಮ್ಮ ವಾದ್ಯದ ಬೋಧಕರಿದ್ದಾರೆ, ಕೈ ಆರೋಗ್ಯವಾಗಿದೆ, ನಂತರದ ಎಂಟು ವಾರಗಳಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಸಿಗುತ್ತದೆ: ಈ ನಾಲ್ಕೂ ಇದ್ದರೆ ಹೋಗಿ. ಹಣದ ವಿಷಯದಲ್ಲಿ ಸ್ವಲ್ಪ ಬಿಗಿಯಾದರೂ ಹೋಗಿ ಎನ್ನುತ್ತೇನೆ. ನಾಲ್ಕರಲ್ಲಿ ಒಂದು ಇಲ್ಲವಾದರೆ, ಆ ಒಂದನ್ನು ಸರಿಪಡಿಸಲು ಉಳಿದಿರುವ ಸಮಯ ಸಾಕೇ ಎಂದು ನೋಡಿ. ಎರಡು ಇಲ್ಲವಾದರೆ ಈ ವರ್ಷ ಬೇಡ.

ಬೇಡವೆಂದಾದರೆ ಆ ಹಾಳೆಗಳನ್ನು ಎಸೆಯಬೇಡಿ. ಸೊಸೈಟಿಗಳು ನಡೆಸುವ ಒಂದು ದಿನದ ಕೂಟಗಳಿವೆ, ಆನ್‌ಲೈನ್ ಪಾಠಗಳಿವೆ. ಕೆಲವು ಉತ್ಸವಗಳಲ್ಲಿ ಒಂದೆರಡು ದಿನಕ್ಕಷ್ಟೇ ಕೇಳುಗರಾಗಿ ಬರುವ ಅವಕಾಶವೂ ಇರುತ್ತದೆ. ಕೇಳುಗರಾಗಿ ಎರಡು ದಿನ ಕಳೆದು, ಮರುವರ್ಷ ಯಾವ ಗುರುವಿನ ತರಗತಿ ಬೇಕೆಂದು ತಿಳಿದುಕೊಂಡು ಬಂದವರು ಪೂರ್ತಿ ವಾರದಿಂದ ಪಡೆದದ್ದು ಬಹಳ.

ಹೋಗುವುದೆಂದಾದರೆ: ಕೊನೆಯ ಆರು ವಾರ

ಹೊಸ ಕೃತಿ ಕಲಿಯಲು ಹೊರಡಬೇಡಿ. ಈಗಾಗಲೇ ಬರುವ ಎರಡನ್ನು ಆರಿಸಿ: ಒಂದು ನಿಮ್ಮ ಪ್ರಶ್ನೆಯ ತೊಡಕು ಎದ್ದು ಕಾಣುವಂಥದ್ದು, ಇನ್ನೊಂದು ನೀವು ಪ್ರೀತಿಯಿಂದ ನುಡಿಸುವಂಥದ್ದು. ಮೊದಲನೆಯದು ಪಾಠಕ್ಕೆ, ಎರಡನೆಯದು ಶಿಬಿರಾರ್ಥಿಗಳ ಸಂಜೆಗೆ. ಮನೆಯವರ ಮುಂದೆ, ಗೆಳೆಯರ ಮುಂದೆ ಎರಡನ್ನೂ ಐದಾರು ಸಲ ನುಡಿಸಿ; ತಪ್ಪಿದರೂ ನಿಲ್ಲಿಸದೆ ಮುಗಿಸುವುದನ್ನು ರೂಢಿಸಿಕೊಳ್ಳಿ.

ಎರಡು ವಾರ ಇರುವಾಗ ತಂತಿ ಬದಲಿಸಿ. ಹೊಸ ತಂತಿ ಎಳೆದುಕೊಂಡು ಒಂದು ಹದಕ್ಕೆ ಬರಲು ದಿನಗಳು ಬೇಕು. ಹಳೆಯವನ್ನು ಸುತ್ತಿ ಪೆಟ್ಟಿಗೆಯಲ್ಲಿಡಿ, ಮೇಲಿನ ಒಂಟಿ ತಂತಿಗೆ ಮಾತ್ರ ಹೊಸದೇ ಎರಡು ಹೆಚ್ಚುವರಿ ಇರಲಿ.

ಫ್ರೆಟ್‌ಗಳನ್ನೂ ನೋಡಿ. ಲ್ಯೂಟಿನ ಕುತ್ತಿಗೆಯ ಮೆಟ್ಟಿಲುಗಳು ಲೋಹದವಲ್ಲ, ಸುತ್ತಿ ಕಟ್ಟಿದ ಪ್ರಾಣಿಯ ಕರುಳಿನ ಎಳೆಗಳು. ತಂತಿಯ ಕೆಳಗೆ ಸವೆದು ಹಳ್ಳ ಬಿದ್ದಿದ್ದರೆ ಸ್ವರ ಜುಮ್ಮೆನ್ನುತ್ತದೆ. ಬಿಚ್ಚಿ ಹೊಸದನ್ನು ಕಟ್ಟುವಾಗ, ಬೇಕಾದ ಜಾಗಕ್ಕಿಂತ ಸ್ವಲ್ಪ ಬಿರಡೆಗಳ ಕಡೆಗೆ, ಅಂದರೆ ಕುತ್ತಿಗೆ ಸಪೂರವಿರುವ ಕಡೆಗೆ ಕಟ್ಟಿ. ತುದಿಗಳನ್ನು ಗಂಟಿನ ಹತ್ತಿರ ಕತ್ತರಿಸಿ, ಬೆಂಕಿಕಡ್ಡಿಯ ಉರಿಯನ್ನು ಒಂದು ಕ್ಷಣ ತಾಗಿಸಿ. ಎಳೆಯ ತುದಿ ಸುರುಟಿ ಪುಟ್ಟ ಗುಂಡಾಗುತ್ತದೆ. ಇನ್ನು ಗಂಟು ಜಾರುವುದಿಲ್ಲ. ಆಮೇಲೆ ಫ್ರೆಟ್ಟನ್ನು ಬಟ್ಟಲಿನ ಕಡೆಗೆ ಅದರ ಜಾಗಕ್ಕೆ ಸರಿಸಿದರೆ ಕುತ್ತಿಗೆ ಅಗಲವಾಗುತ್ತ ಹೋಗುವುದರಿಂದ ತಾನೇ ಬಿಗಿಯಾಗುತ್ತದೆ. ಈ ಕೆಲಸವನ್ನು ಒಮ್ಮೆ ಮನೆಯಲ್ಲಿ ಮಾಡಿ ಕೈ ಪಳಗಿಸಿಕೊಳ್ಳಿ. ಒಂದು ಮೀಟರ್ ಫ್ರೆಟ್ ಎಳೆ, ಚಿಕ್ಕ ಕತ್ತರಿ, ಪೆನ್ಸಿಲ್, ನಿಮ್ಮ ಒಂದು ವಾಕ್ಯದ ಪ್ರಶ್ನೆ ಬರೆದ ಹಾಳೆ ಇವಿಷ್ಟೂ ವಾದ್ಯದ ಪೆಟ್ಟಿಗೆಯ ಪುಟ್ಟ ಖಾನೆಯಲ್ಲಿ ಇರಲಿ. ಬೆಂಕಿಕಡ್ಡಿಯನ್ನು ಅಲ್ಲಿಗೆ ಹೋದ ಮೇಲೆ ಕೇಳಿ ಪಡೆಯಿರಿ. ಲ್ಯೂಟ್ ವಾದಕರು ಸೇರಿದ ಜಾಗದಲ್ಲಿ ಯಾರ ಬಳಿಯಾದರೂ ಅದು ಇದ್ದೇ ಇರುತ್ತದೆ.